ಪೋರ್ಟ್ರೇಟ್ ಚಿತ್ರದ ಹಿನ್ನೆಲೆ ಮಸುಕು: ಎರಡು ಕ್ಯಾಮೆರಾ ಬೇಕೇ ಬೇಕೇ?

ಪ್ರಶ್ನೆ: ನನ್ನ ಫೋನಿನಲ್ಲಿ ಒಂದೇ ಕ್ಯಾಮೆರಾ ಇದೆ. ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡ್‌ನಲ್ಲಿ ಮುಖ ಚೆನ್ನಾಗಿಯೇ ಬರುತ್ತದೆ, ಆದರೆ ಹಾರುವ ಕೂದಲಿನ ಎಳೆಗಳು ಹಿನ್ನೆಲೆಯ ಜೊತೆಗೇ ಮಸುಕಾಗುತ್ತವೆ, ಕನ್ನಡಕದ ಅಂಚು ಅಲ್ಲಲ್ಲಿ ಅಳಿಸಿದಂತೆ ಕಾಣುತ್ತದೆ. ಎರಡು ಕ್ಯಾಮೆರಾಗಳ ಫೋನ್ ಕೊಂಡರೆ ಈ ತೊಂದರೆ ನೀಗುತ್ತದೆಯೇ? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಫೋನಿನ ಸೆನ್ಸರ್ (ಬೆಳಕನ್ನು ಹಿಡಿಯುವ ಚಿಪ್) ತೀರಾ ಚಿಕ್ಕದಾದ್ದರಿಂದ ಲೆನ್ಸ್ ಎಫ್/1.8 ಆಗಿದ್ದರೂ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಮಸುಕು ಹೆಚ್ಚು) ಅದು ತಾನಾಗಿ ಕೊಡುವ ಮಸುಕು ಬಹಳ ಕಡಿಮೆ, 1/2.55 ಇಂಚಿನ ಸೆನ್ಸರ್ ಆಗಿದ್ದರೆ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್/11ರ ಹತ್ತಿರ ಸಿಗುವಷ್ಟು ಮಾತ್ರ. ಮಿಕ್ಕಿದ್ದನ್ನೆಲ್ಲ ಸಾಫ್ಟ್‌ವೇರ್ ಸೇರಿಸುತ್ತದೆ, ಮತ್ತು ಹಾಗೆ ಸೇರಿಸಬೇಕಾದರೆ ಚಿತ್ರದ ಯಾವ ಭಾಗ ಎಷ್ಟು ದೂರದಲ್ಲಿದೆ ಎಂಬುದು ಅದಕ್ಕೆ ಗೊತ್ತಿರಬೇಕು. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದರೆ ಎದುರಿಗೆ ಹಿಡಿದ ಬೆರಳು ಪಕ್ಕಕ್ಕೆ ಸರಿದಂತೆ ಕಾಣುವುದಷ್ಟೇ. ಎರಡು ಕ್ಯಾಮೆರಾಗಳೂ ಹಾಗೆ ಸರಿದಂತೆ ಕಾಣುವುದನ್ನೇ ಅಳೆದು ದೂರವನ್ನು ಲೆಕ್ಕ ಹಾಕುತ್ತವೆ. ಆದರೆ ಅವೆರಡರ ನಡುವಿನ ಅಂತರ ಒಂದು ಸೆಂಟಿಮೀಟರಿನ ಆಸುಪಾಸು ಮಾತ್ರ ಇರುವುದರಿಂದ ಕೂದಲಿನ ಒಂಟಿ ಎಳೆಯನ್ನು ಹಿಂದಿನ ಎಲೆಗಳಿಂದ ಬೇರ್ಪಡಿಸುವುದು ದುಬಾರಿ ಫೋನುಗಳಿಗೂ ಕಷ್ಟವೇ. ಕನ್ನಡಕದ ವಿಷಯದಲ್ಲಿ ಇನ್ನೊಂದು ತೊಡಕಿದೆ: ಗಾಜಿನ ಮೂಲಕ ಹಿನ್ನೆಲೆಯೂ ಕಾಣುತ್ತದೆ, ಗಾಜಿನ ಮೇಲೆ ಪ್ರತಿಫಲನವೂ ಇರುತ್ತದೆ, ಹೀಗಾಗಿ ಒಂದೇ ಜಾಗಕ್ಕೆ ಎರಡು ದೂರಗಳು ಹೊಂದುತ್ತವೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೂ ಕ್ಯಾಮೆರಾಗಳ ಸಂಖ್ಯೆಯನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ. 2016ರ ಐಫೋನ್ 7 ಪ್ಲಸ್ ಎರಡು ಕ್ಯಾಮೆರಾಗಳಿಂದ ಈ ಮೋಡ್ ಅನ್ನು ಜನಪ್ರಿಯಗೊಳಿಸಿತು, ನಿಜ. ಮರುವರ್ಷವೇ ಬಂದ ಗೂಗಲ್ ಪಿಕ್ಸೆಲ್ 2 ಹಿಂಬದಿಯಲ್ಲಿ ಒಂದೇ ಕ್ಯಾಮೆರಾ ಇಟ್ಟುಕೊಂಡು, ಪ್ರತಿ ಪಿಕ್ಸೆಲ್ ಅನ್ನು ಎರಡು ಭಾಗ ಮಾಡಿದ ಸೆನ್ಸರ್ (ಎರಡು ಭಾಗಗಳೂ ಎರಡು ಕಣ್ಣುಗಳಂತೆ ತುಸು ಬೇರೆ ಕಡೆಯಿಂದ ನೋಡುತ್ತವೆ) ಮತ್ತು ಮನುಷ್ಯರ ಆಕಾರವನ್ನು ಗುರುತಿಸಲು ಕಲಿತ ಸಾಫ್ಟ್‌ವೇರ್ ಬಲದಿಂದ ಅದೇ ಕೆಲಸ ಮಾಡಿತು. ಇತ್ತ ಅಗ್ಗದ ಫೋನುಗಳಲ್ಲಿ ದೂರ ಅಳೆಯಲೆಂದೇ ಇಟ್ಟ 'ಡೆಪ್ತ್' ಎಂಬ ಹೆಸರಿನ 2 ಮೆಗಾಪಿಕ್ಸೆಲ್ ಲೆನ್ಸ್ ಇದ್ದೂ ಪ್ರಯೋಜನ ಕಾಣದಿರುವುದು ಉಂಟು. ಅಂಗಡಿಯಲ್ಲೇ ಪರೀಕ್ಷಿಸಿ ನೋಡಿ: ಪೋರ್ಟ್ರೇಟ್ ಮೋಡ್ ತೆರೆದು ಆ ಚಿಕ್ಕ ಲೆನ್ಸನ್ನು ಬೆರಳಿನಿಂದ ಮುಚ್ಚಿ ಚಿತ್ರ ತೆಗೆಯಿರಿ. ಎಚ್ಚರಿಕೆಯ ಸಂದೇಶವೂ ಬರದೆ ಮಸುಕೂ ಮೊದಲಿನಂತೆಯೇ ಬಂದರೆ, ಆ ಲೆನ್ಸಿಗಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಟೆಲಿಫೋಟೋ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ಇರುವ ಫೋನನ್ನೇ ಆರಿಸಿಕೊಳ್ಳುತ್ತೇನೆ. ಫೋನಿನ ಮಾಮೂಲಿ ಅಗಲ ನೋಟದ ಲೆನ್ಸಿನಲ್ಲಿ ಮುಖ ತುಂಬಿಸಲು ತೀರಾ ಹತ್ತಿರ ಹೋಗಬೇಕಾಗುತ್ತದೆ, ಆಗ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಫುಲ್ ಫ್ರೇಮ್ ಲೆಕ್ಕದಲ್ಲಿ 50 ಮಿಲಿಮೀಟರಿಗೆ ಸಮನಾದ ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಇದ್ದರೆ ಹಿಂದೆ ನಿಂತು ತೆಗೆಯಬಹುದು, ಮುಖದ ಅಳತೆಗಳೂ ಸಹಜವಾಗಿರುತ್ತವೆ.

ಉತ್ತರ 3: ಹೊಸ ಫೋನ್ ಕೊಳ್ಳುವ ಮೊದಲು ಈಗಿರುವ ಫೋನಿನಲ್ಲೇ ವ್ಯಕ್ತಿಯನ್ನು ಗೋಡೆ ಅಥವಾ ಗಿಡದಿಂದ ಮೂರು ನಾಲ್ಕು ಮೀಟರ್ ಮುಂದಕ್ಕೆ ನಿಲ್ಲಿಸಿ ನೋಡಿ. ಕಪ್ಪು ಕೂದಲಿನ ಹಿಂದೆ ಕಪ್ಪು ಬಾಗಿಲು ಬಾರದಂತೆ, ಸಾಧ್ಯವಾದರೆ ತಿಳಿಬಣ್ಣದ ಸಾದಾ ಹಿನ್ನೆಲೆ ಬರುವಂತೆ ಜಾಗ ಬದಲಿಸಿ, ಹಗಲಿನ ಬೆಳಕಿನಲ್ಲೇ ತೆಗೆಯಿರಿ, ಏಕೆಂದರೆ ಮಬ್ಬು ಬೆಳಕಿನಲ್ಲಿ ಚಿತ್ರದ ಕಾಳುಕಾಳು ಹೆಚ್ಚಾಗಿ ಅಂಚಿನ ಅಂದಾಜು ಕೆಡುತ್ತದೆ. ಇನ್ನೊಂದು, ನಿಮ್ಮ ಫೋನಿನಲ್ಲಿ ಚಿತ್ರ ತೆಗೆದ ಮೇಲೂ ಮಸುಕಿನ ಪ್ರಮಾಣ ಬದಲಿಸುವ ಸೌಲಭ್ಯವಿದ್ದರೆ, ಎಫ್/1.4ರಲ್ಲಿ ಇರುವುದನ್ನು ಎಫ್/4ರವರೆಗೆ ತಂದು ನೋಡಿ. ಮಸುಕು ತಗ್ಗಿದಷ್ಟೂ ಕೂದಲಿನ ಅಂಚಿನ ತಪ್ಪು ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ, ಮುಖವೂ ಕತ್ತರಿಸಿ ಅಂಟಿಸಿದಂತೆ ಕಾಣುವುದಿಲ್ಲ.