ಮಾವನವರ ಹುಟ್ಟುಹಬ್ಬಕ್ಕೆ ಹಗುರವಾದ, ತಣ್ಣನೆಯ ಹಣ್ಣಿನ ಸಿಹಿ ಏನು ಮಾಡಲಿ?

ಹಾಸನದ ಸೊಸೆ:

ಎಲ್ಲರಿಗೂ ನಮಸ್ಕಾರ. ಇನ್ನು ಹತ್ತು ದಿನಕ್ಕೆ ನಮ್ಮ ಮಾವನವರಿಗೆ 78 ತುಂಬುತ್ತದೆ. ದೊಡ್ಡ ಸಮಾರಂಭ ಏನಿಲ್ಲ. ನಾದಿನಿಯರ ಮನೆಯವರು, ಓರಗಿತ್ತಿ, ಮಕ್ಕಳು ಎಲ್ಲ ಸೇರಿ 18 ಜನ ಮಧ್ಯಾಹ್ನದ ಊಟಕ್ಕೆ. ಪ್ರತಿ ವರ್ಷ ಹೋಳಿಗೆ ಮಾಡುತ್ತಿದ್ದೆ. ಈ ಸಲ ಅವರೇ ಕರೆದು ಹೇಳಿದರು. "ಈ ಬಿಸಿಲಿಗೆ ಹೋಳಿಗೆ ಗಂಟಲಲ್ಲಿ ಇಳಿಯಲ್ಲಮ್ಮ. ಏನಾದರೂ ತಣ್ಣಗೆ, ಹಣ್ಣಿನದು ಮಾಡು, ಸಾಕು." ಅವರು ಬಾಯಿಬಿಟ್ಟು ಇದು ಬೇಕು ಎಂದು ಕೇಳುವುದೇ ಅಪರೂಪ. ಅದಕ್ಕೇ ಚೆನ್ನಾಗಿ ಮಾಡಲೇಬೇಕು ಎಂದು ನನಗೆ ಆಸೆ.

ಅವರಿಗೆ ಮುಂದಿನ ಹಲ್ಲು ಬಿಟ್ಟರೆ ಉಳಿದವು ಇಲ್ಲ. ಐಸ್‌ಕ್ರೀಮ್ ತಿಂದರೆ ಗಂಟಲು ಕಟ್ಟುತ್ತದೆ. ಹಾಲು, ಕೆನೆ ಜಾಸ್ತಿ ಇದ್ದರೆ ಹೊಟ್ಟೆ ಭಾರ. ನಮ್ಮದು ಮೊಟ್ಟೆ ತಿನ್ನದ ಮನೆ, ಜೆಲಾಟಿನ್ ಕೂಡ ಬೇಡ. ಫ್ರಿಜ್ ಒಂದೇ ಬಾಗಿಲಿನದು, ಚಿಕ್ಕದು. ಇನ್ನೊಂದು ಚಿಂತೆ ಎಂದರೆ ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗಿತೆಂದರೆ ಕರೆಂಟ್ ಹೋಗಿಯೇ ಹೋಗುತ್ತದೆ.

ಎರಡು ಸಲ ಮಾಡಿ ನೋಡಿದೆ, ಎರಡೂ ಕೆಟ್ಟಿತು. ಮೊದಲನೆಯದು ಕಲ್ಲಂಗಡಿ ಜೆಲ್ಲಿ. ಚೈನಾ ಗ್ರಾಸ್ ಕುದಿಸಿ, ಫ್ರಿಜ್‌ನಲ್ಲಿದ್ದ ಕಲ್ಲಂಗಡಿ ರಸ ಸುರಿದೆ. ಸೌಟು ಆಡಿಸುವಷ್ಟರಲ್ಲೇ ಒತ್ತು ಶಾವಿಗೆ ಹಾಗೆ ಎಳೆ ಎಳೆಯಾಗಿ ಕಟ್ಟಿಕೊಂಡಿತು. ಮಿಕ್ಕ ರಸ ನೀರಾಗಿಯೇ ಉಳಿಯಿತು. ಎರಡನೆಯದು ಅನಾನಸ್ ಹಾಕಿದ ಕಸ್ಟರ್ಡ್. ಸಂಜೆ ತೆಗೆದು ನೋಡಿದರೆ ಒಡೆದಿತ್ತು, ಬಾಯಿಗಿಟ್ಟರೆ ಕಹಿ. ಹಣ್ಣು ಮಾತ್ರ ಬಿಡಿಯಾಗಿ ತಿಂದರೆ ಸಿಹಿಯಾಗಿಯೇ ಇತ್ತು. ಎಲ್ಲಿ ತಪ್ಪಿದೆ ಎಂದು ಯಾರಾದರೂ ಹೇಳುತ್ತೀರಾ?

ತೋಟದಮನೆ, ಮೂಡಿಗೆರೆ:

ಸೊಸೆಯವರೇ, ನಿಮ್ಮ ಚೈನಾ ಗ್ರಾಸ್‌ನಲ್ಲಿ ದೋಷ ಇಲ್ಲ. ತಣ್ಣನೆಯ ರಸ ಹಾಕಿದ್ದೇ ತಪ್ಪು. ನನಗೂ ಮೊದಲ ವರ್ಷ ಹೀಗೇ ಆಗಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಚೈನಾ ಗ್ರಾಸ್ ಅಂದರೆ ಕಡಲ ಪಾಚಿಯಿಂದ ತೆಗೆದದ್ದು. ಜೆಲಾಟಿನ್ ಹಾಗೆ ಪ್ರಾಣಿಯ ಮೂಳೆ, ಚರ್ಮದ್ದಲ್ಲ. ಅದು ಚೆನ್ನಾಗಿ ಕುದಿದರೆ ಮಾತ್ರ ಕರಗುತ್ತದೆ. ಆರುತ್ತಾ 40 ಡಿಗ್ರಿ ಹತ್ತಿರ ಬಂದಾಗ ಗಟ್ಟಿಯಾಗಲು ಶುರು. ಅದಕ್ಕೆ ಫ್ರಿಜ್ಜೇ ಬೇಡ, ಅಡುಗೆಮನೆ ಕಟ್ಟೆಯ ಮೇಲೇ ಕೂರುತ್ತದೆ. ನೀವು ಫ್ರಿಜ್‌ನಿಂದ ತೆಗೆದ ರಸ ಸುರಿದಾಗ ಎಲ್ಲ ಒಂದೇ ಸಲಕ್ಕೆ 40ಕ್ಕಿಂತ ಕೆಳಗೆ ಇಳಿದಿದೆ. ಬೆರೆಯುವ ಮೊದಲೇ ಕಟ್ಟಿಕೊಂಡಿದೆ. ಅದೇ ರಸ ಹೊರಗಿಟ್ಟದ್ದಾಗಿದ್ದರೆ, ಒಂದು ಪಾಲು ಕುದಿ ನೀರಿಗೆ ಎರಡು ಪಾಲು ರಸ ಸೇರಿ 50ರ ಹತ್ತಿರ ನಿಲ್ಲುತ್ತಿತ್ತು. ಬೆರೆಸಲು, ಬಟ್ಟಲಿಗೆ ಹೊಯ್ಯಲು ಬೇಕಾದಷ್ಟು ಪುರುಸೊತ್ತು ಸಿಗುತ್ತಿತ್ತು.

ಇನ್ನೊಂದು ಒಳ್ಳೆಯದು ಕೇಳಿ. ಒಮ್ಮೆ ಕೂತ ಮೇಲೆ ಅದು ಮತ್ತೆ ಕರಗಬೇಕಾದರೆ 85 ಡಿಗ್ರಿ ಬೇಕು. ಕರೆಂಟ್ ಹೋದರೂ ನಿಮ್ಮ ಜೆಲ್ಲಿ ನೀರಾಗುವುದಿಲ್ಲ. ತಂಪು ಸ್ವಲ್ಪ ಇಳಿಯಬಹುದು, ಅಷ್ಟೇ.

ಮಾವನವರಿಗೆ ನಾನು ಹೇಳುವುದು ಎಳನೀರಿನ ಜೆಲ್ಲಿ, ಮೇಲೆ ಮಾವಿನ ರಸ. 18 ಜನಕ್ಕೆ ಆರೇಳು ಎಳನೀರು ತನ್ನಿ. ಗಂಜಿ ಇರುವಂಥದ್ದೇ ಬೇಕು ಎಂದು ಅಂಗಡಿಯವನಿಗೆ ಮೊದಲೇ ಹೇಳಿ. ಸುಮಾರು 1.8 ಲೀಟರ್ ನೀರು ಬೇಕು. ಅದರಲ್ಲಿ 600 ಮಿಲಿ ತೆಗೆದು, 12 ಗ್ರಾಂ ಚೈನಾ ಗ್ರಾಸ್ ಕತ್ತರಿಸಿ ಹಾಕಿ ಅರ್ಧ ಗಂಟೆ ನೆನೆಸಿ. ಅಂಗಡಿಯ ಚಿಕ್ಕ ಪ್ಯಾಕೆಟ್ ಸಾಮಾನ್ಯವಾಗಿ 10 ಗ್ರಾಂ ಇರುತ್ತದೆ, ನೋಡಿಕೊಳ್ಳಿ. ಆಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ. ಸೌಟು ಎತ್ತಿ ಬೆಳಕಿಗೆ ಹಿಡಿದು ನೋಡಿ. ಸೌಟಿನ ಬೆನ್ನ ಮೇಲೆ ಗಾಜಿನ ಚೂರಿನಂತೆ ಏನಾದರೂ ಮಿನುಗಿದರೆ ಇನ್ನೂ ಕರಗಿಲ್ಲ ಎಂದೇ ಅರ್ಥ. ಪೂರ್ತಿ ತಿಳಿಯಾದ ಮೇಲೆ 150 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು. ಒಲೆ ಆರಿಸಿ, ಉಳಿದ ಎಳನೀರನ್ನು ಸೋಸುತ್ತಾ ಸೇರಿಸಿ. ಈ ಎಳನೀರು ಕುದಿಯದೇ ಇರುವುದರಿಂದ ಅದರ ಘಮ ಹಾಗೇ ಉಳಿಯುತ್ತದೆ. ನಿಂಬೆ ರಸ ಹಾಕುವುದಿದ್ದರೆ ಆಗ ಎರಡು ಚಮಚ. ಕುದಿಯುವಾಗ ಹುಳಿ ಹಾಕಿದರೆ ಗಟ್ಟಿಯಾಗುವ ಶಕ್ತಿ ಕುಗ್ಗುತ್ತದೆ.

ಬೆಚ್ಚಗಿರುವಾಗಲೇ ರುಚಿ ನೋಡಿ. ನಾಲಿಗೆಗೆ ಒಂಚೂರು ಸಿಹಿ ಮುಂದಿದೆ ಅನಿಸಬೇಕು. ತಣ್ಣಗಾದ ಮೇಲೆ ಸಿಹಿ ಕಮ್ಮಿ ಗೊತ್ತಾಗುತ್ತದೆ.

ಬಟ್ಟಲಿಗೆ ಅರ್ಧ ಹೊಯ್ದು ಕಾಯಿರಿ. ಉಳಿದದ್ದು ಬಿಸಿನೀರಿನ ಪಾತ್ರೆಯೊಳಗೆ ಕೂತಿರಲಿ. ಬಟ್ಟಲಿನದನ್ನು ಬೆರಳಿನಿಂದ ಮುಟ್ಟಿದರೆ ಅಂಟಬೇಕು, ಆದರೆ ಬೆರಳು ಒಳಗೆ ಇಳಿಯಬಾರದು. ಆಗ ಸಣ್ಣಗೆ ಹೆಚ್ಚಿದ ಗಂಜಿ, ಬಾದಾಮಿ ಮಾವಿನ ಹೋಳು ಹಾಕಿ ಮೇಲೆ ಉಳಿದದ್ದನ್ನು ಹೊಯ್ಯಿರಿ. ಪೂರ್ತಿ ಗಟ್ಟಿಯಾಗಲು ಬಿಟ್ಟರೆ ಎರಡು ಪದರ ಒಂದಕ್ಕೊಂದು ಹಿಡಿಯುವುದಿಲ್ಲ, ಚಮಚ ಹಾಕಿದರೆ ಜಾರುತ್ತವೆ. ಫ್ರಿಜ್‌ನಲ್ಲಿ ಮೂರು ಗಂಟೆ ಸಾಕು.

ಬಡಿಸುವಾಗ ರಸಪುರಿ ರಸ ಒಂದೊಂದು ಚಮಚ ಮೇಲೆ. ರಸಪುರಿಯನ್ನು ಹೋಳು ಮಾಡಬೇಡಿ. ಅದು ಹೆಸರೇ ಹೇಳುವಂತೆ ರಸಕ್ಕೆಂದೇ ಇರುವ ಹಣ್ಣು. ಕೈಯಲ್ಲಿ ಹಿಂಡಿ, ನಾರು ಸೋಸಿ, ಅಷ್ಟೇ. ಸಕ್ಕರೆ ಬೇಡವೇ ಬೇಡ.

ಅರಸೀಕೆರೆ ತೆಂಗು:

ಮೂಡಿಗೆರೆಯವರು ಹೇಳಿದ್ದೆಲ್ಲ ಸರಿ. ಆದರೆ ನನ್ನ ಮಾತು ಬೇರೆ. 78 ವರ್ಷದ ಹಿರಿಯರು ತಣ್ಣಗೆ ಹಣ್ಣಿನದು ಬೇಕು ಎಂದರೆ ಅವರ ಮನಸ್ಸಿನಲ್ಲಿರುವುದು ಜೆಲ್ಲಿ ಅಲ್ಲ, ರಸಾಯನ. ರಾಮನವಮಿಗೆ ತಿಂದ ರುಚಿ ನಾಲಿಗೆಯಲ್ಲಿ ಉಳಿದಿರುತ್ತದೆ ಅಲ್ವಾ?

ಕರಬೂಜದ ರಸಾಯನ ಮಾಡಿ. ಹಲ್ಲಿಲ್ಲದವರಿಗೆ ಅದಕ್ಕಿಂತ ಮೆತ್ತಗಿನದು ಯಾವುದಿದೆ? ಮಧ್ಯಮ ಗಾತ್ರದ ಮೂರು ಹಣ್ಣು, ಮೂರು ತೆಂಗಿನಕಾಯಿ, 400 ಗ್ರಾಂ ಬೆಲ್ಲ, ಆರು ಏಲಕ್ಕಿ. ಕರಬೂಜ ಆರಿಸುವಾಗ ತೊಟ್ಟಿನ ಕಡೆ ಮೂಗಿಟ್ಟು ನೋಡಿ. ವಾಸನೆ ಬರದಿದ್ದರೆ ತರಬೇಡಿ, ಮನೆಯಲ್ಲಿ ಎಷ್ಟು ದಿನ ಇಟ್ಟರೂ ಅದಕ್ಕೆ ಸಿಹಿ ಬರುವುದಿಲ್ಲ. ಕಾಯಿ ತುರಿದು ಬಿಸಿನೀರು ಸ್ವಲ್ಪವೇ ಹಾಕಿ ರುಬ್ಬಿ, ಮೊದಲ ಹಾಲು ಮಾತ್ರ ತೆಗೆಯಿರಿ. ಬೆಲ್ಲ ಕರಗಿಸಿ ಸೋಸಿ, ಪೂರ್ತಿ ಆರಿಸಿ. ಒಲೆಯ ಮೇಲೆ ಹಾಲನ್ನು ಇಡಲೇಬೇಡಿ.

ಬೆಲ್ಲದ ನೀರು, ಹಣ್ಣು, ಕಾಯಿಹಾಲು ಮೂರನ್ನೂ ಬೇರೆ ಬೇರೆ ತಣ್ಣಗಿಟ್ಟು, ಎಲೆ ಹಾಕುವ ಹೊತ್ತಿಗೆ ಸೇರಿಸಿ. ಕಾಯಿಹಾಲು ಬಿಸಿಲಿಗೆ ಬೇಗ ಹುಳಿಯಾಗುತ್ತದೆ.

ನಮ್ಮ ಅಜ್ಜಿ ಫ್ರಿಜ್ ಕಂಡವರಲ್ಲ. ಕಾಯಿಹಾಲನ್ನು ಮುಚ್ಚಳ ಇರುವ ತೂಗುಪಾತ್ರೆಗೆ ಹಾಕಿ, ಹಗ್ಗ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಪಾತ್ರೆಯ ಕುತ್ತಿಗೆವರೆಗೆ ಮಾತ್ರ ನೀರಲ್ಲಿ ಮುಳುಗಬೇಕು. ಆ ಹಗ್ಗ ಹಿಡಿದುಕೊಂಡು ನಿಲ್ಲುವುದು ನನ್ನ ಕೆಲಸ. ಮೇಲೆ ಎಳೆದಾಗ ಪಾತ್ರೆಯ ಹೊರಮೈ ತಣ್ಣಗೆ ಕೈಗೆ ತಾಗುತ್ತಿತ್ತು. ನನಗೆ ಬೇಸಿಗೆ ಅಂದರೆ ಅದೇ ನೆನಪು.

ಕೋಟೆ ಬಡಾವಣೆ, ಚಿಕ್ಕಮಗಳೂರು:

ಅನಾನಸ್ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ, ಹೇಳಿಬಿಡುತ್ತೇನೆ. ಹಸಿ ಅನಾನಸ್‌ನಲ್ಲಿ ಬ್ರೋಮೆಲೈನ್ ಎಂಬ ಅಂಶ ಇದೆ. ಅದು ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ. ಅದಕ್ಕೇ ಒಡೆದದ್ದು, ಅದಕ್ಕೇ ಕಹಿ. ಹಸಿ ಪಪ್ಪಾಯಿ, ಕಿವಿ ಹಣ್ಣಿನಲ್ಲೂ ಇಂಥದ್ದೇ ಗುಣ. ಹೋಳುಗಳನ್ನು ಸಕ್ಕರೆ ಪಾಕದಲ್ಲಿ ಐದಾರು ನಿಮಿಷ ಕುದಿಸಿ ಆರಿಸಿದರೆ ಆ ಗುಣ ಹೋಗುತ್ತದೆ, ಆಮೇಲೆ ಹಾಲಿಗೆ ಹಾಕಬಹುದು. ಚೈನಾ ಗ್ರಾಸ್‌ನಲ್ಲಿ ಪ್ರೋಟೀನ್ ಇಲ್ಲದ್ದರಿಂದ ಅದರ ಜೊತೆಗೆ ಹಸಿ ಅನಾನಸ್ ಕೂಡ ನಡೆಯುತ್ತದೆ. ಆದರೆ ವಯಸ್ಸಾದವರ ಬಾಯಿಗೆ ಅದು ಉರಿ. ಬಿಟ್ಟುಬಿಡಿ.

ಹಾಸನದ ಸೊಸೆ:

ತುಂಬಾ ಧನ್ಯವಾದ. ಒಂದೇ ಪ್ರಶ್ನೆ. ಜೆಲ್ಲಿ ಹಿಂದಿನ ರಾತ್ರಿಯೇ ಮಾಡಿಡಬಹುದಾ? ಬೆಳಿಗ್ಗೆ ಅಡುಗೆಗೇ ಕೈ ಸಾಲುವುದಿಲ್ಲ.

ತೋಟದಮನೆ, ಮೂಡಿಗೆರೆ:

ಮಾಡಬಹುದು, ಆದರೆ ಇಟ್ಟಷ್ಟೂ ಅಂಚಿನಲ್ಲಿ ನೀರು ಬಿಡುತ್ತದೆ. ಹೋಳು ಹಾಕಿದ್ದರೆ ಇನ್ನೂ ಜಾಸ್ತಿ. ಬೆಳಿಗ್ಗೆ ಆರಕ್ಕೆ ಎದ್ದರೆ ಮುಕ್ಕಾಲು ಗಂಟೆಯ ಕೆಲಸ. ಚೈನಾ ಗ್ರಾಸ್ ಅಳೆದು, ಕತ್ತರಿಸಿ ರಾತ್ರಿಯೇ ಇಟ್ಟುಕೊಳ್ಳಿ. ಎಳನೀರನ್ನು ಮಾತ್ರ ರಾತ್ರಿ ಒಡೆಸಬೇಡಿ.

ಹಾಸನದ ಸೊಸೆ:

ನಿನ್ನೆ ಊಟ ಮುಗಿಯಿತು. ಏನಾಯಿತು ಎಂದು ಹೇಳದೇ ಇರಲು ಮನಸ್ಸು ಬರಲಿಲ್ಲ.

ಎರಡೂ ಮಾಡಿದೆ. ಎಲ್ಲರಿಗೂ ಎಳನೀರಿನ ಜೆಲ್ಲಿ, ಹಿರಿಯರು ಆರು ಜನಕ್ಕೆ ಒಂದೇ ಒಂದು ಕರಬೂಜದ ರಸಾಯನ. ಶನಿವಾರ ಸಂಜೆ ಕಟ್ಟಿನಕೆರೆ ಮಾರುಕಟ್ಟೆಗೆ ಹೋಗಿ ಕರಬೂಜಗಳ ತೊಟ್ಟಿಗೆ ಮೂಗಿಟ್ಟು ನೋಡಿದೆ. ಐದನೆಯದು ಘಮ್ ಎಂದಿತು. ರಸಪುರಿ ಇನ್ನೂ ಅಷ್ಟು ಬಂದಿರಲಿಲ್ಲ, ಸಿಕ್ಕ ಎರಡು ಕೆಜಿ ತಂದೆ. ಎಳನೀರು ಮನೆ ಹತ್ತಿರದ ಗಾಡಿಯವರು ಭಾನುವಾರ ಬೆಳಿಗ್ಗೆ ಒಡೆದು, ಗಂಜಿ ಬೇರೆ ಕೆರೆದು ಕೊಟ್ಟರು.

ಸೌಟು ಬೆಳಕಿಗೆ ಹಿಡಿದು ನೋಡುವುದು ಹೇಳಿದ್ದು ದೊಡ್ಡ ಉಪಕಾರ ಆಯಿತು. ನಾನು ಕರಗಿದೆ ಅಂದುಕೊಂಡ ಮೇಲೂ ಮಿನುಗುತ್ತಿತ್ತು. ಇನ್ನೂ ಐದು ನಿಮಿಷ ಕುದಿಸಿದೆ. ಹಿಂದಿನ ಸಲ ನಾನು ಬೇಗ ಇಳಿಸಿದ್ದೂ ಒಂದು ತಪ್ಪಾಗಿರಬೇಕು.

ಎರಡು ಗಂಟೆಗೆ ಗುಡುಗಿತು, ಕರೆಂಟ್ ಹೋಯಿತು. ಬಟ್ಟಲುಗಳನ್ನು ಅಗಲವಾದ ಪರಾತದಲ್ಲಿ ತಣ್ಣೀರು ಹಾಕಿ ಅದರಲ್ಲಿ ಜೋಡಿಸಿಟ್ಟೆ. ಮೂರೂವರೆಗೆ ತಡವಾಗಿ ಬಂದ ಚಿಕ್ಕ ನಾದಿನಿಯ ಮನೆಯವರು ತಿಂದಾಗಲೂ ಜೆಲ್ಲಿ ಕದಲಿರಲಿಲ್ಲ.

ಮಾವನವರು ಮೊದಲು ರಸಾಯನವನ್ನೇ ಕೈಗೆತ್ತಿಕೊಂಡರು, ಅರಸೀಕೆರೆಯವರು ಹೇಳಿದ್ದು ನಿಜ. ಲೋಟ ಎತ್ತಿ ಕುಡಿದುಬಿಟ್ಟರು. ಆಮೇಲೆ ಜೆಲ್ಲಿ. ಚಮಚದಲ್ಲಿ ಗಂಜಿಯ ಚೂರುಗಳನ್ನು ಒಂದೊಂದಾಗಿ ಹುಡುಕಿ ತಿಂದು, "ಇದೇನಮ್ಮ, ಎಳನೀರೇ ನಿಂತುಕೊಂಡಿದೆ" ಎಂದರು. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ತನ್ನ ಬಟ್ಟಲಿನ ಗಂಜಿಯನ್ನೆಲ್ಲ ಅವರ ಬಟ್ಟಲಿಗೆ ಹಾಕಿದಳು.

ಮುಂದೆ ಮಾಡುವವರಿಗೆ ಒಂದು ಮಾತು. 12 ಗ್ರಾಂ ನನಗೆ ಕೊಂಚ ಗಟ್ಟಿ ಅನಿಸಿತು, ಹಾಲುಬಾಯಿಯಷ್ಟಲ್ಲ, ಆದರೂ ಹಲ್ಲಿಲ್ಲದವರಿಗೆ ಇನ್ನೂ ಸಡಿಲ ಇರಬೇಕು. 10 ಗ್ರಾಂನ ಒಂದು ಪ್ಯಾಕೆಟ್ ಸಾಕು. ಕರಬೂಜ ಮಾತ್ರ ಎರಡು ತರಬೇಕಿತ್ತು.