ಆಸ್ಪತ್ರೆಯ ಕಚೇರಿ ಕೆಲಸ: ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹೊಂದುವುದೇ?

ಪ್ರಶ್ನೆ (ಬದಿಯಡ್ಕದಿಂದ)

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಮುಗಿಸಿದ್ದೇನೆ, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಾಸರಗೋಡು ಪೇಟೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಅಡ್ಮಿನ್ ಅಸಿಸ್ಟೆಂಟ್ ಹುದ್ದೆಗೆ ಸಂದರ್ಶನವಾಗಿದ್ದು, ಮುಂದಿನ ತಿಂಗಳಿನಿಂದ ಸೇರಬಹುದೆಂದು ತಿಳಿಸಿದ್ದಾರೆ. ಕೆಲಸದ ಸ್ವರೂಪವೇನೆಂದು ವಿಚಾರಿಸಿದಾಗ, ಮೊದಲು ನೋಂದಣಿ ಕೌಂಟರಿನಲ್ಲಿ ಕೂರಿಸಿ, ಬಳಿಕ ಅಗತ್ಯ ನೋಡಿಕೊಂಡು ರೆಕಾರ್ಡ್ಸ್ ವಿಭಾಗಕ್ಕೋ ಇನ್ಶೂರೆನ್ಸ್ ಡೆಸ್ಕಿಗೋ ಹಾಕುತ್ತೇವೆ ಎಂದಷ್ಟೇ ಹೇಳಿದರು.

ಮನೆಯಲ್ಲಿ ನಮ್ಮದು ತುಳು. ಮಲಯಾಳ ಮಾತನಾಡಲು ತೊಂದರೆಯಿಲ್ಲ, ಆದರೆ ಓದಬೇಕಾದರೆ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಬೇಕಾಗುತ್ತದೆ. ಅಪ್ಪನವರು ಇದನ್ನೆಲ್ಲ ಬಿಟ್ಟು ಸರಕಾರಿ ನೌಕರಿಯ ಪಿ.ಎಸ್.ಸಿ. ಪರೀಕ್ಷೆಗೆ ತಯಾರಿ ಮಾಡು ಎನ್ನುತ್ತಿದ್ದಾರೆ. ಇಂಥ ಕೆಲಸದಲ್ಲಿರುವವರು ದಿನವಿಡೀ ನಿಜವಾಗಿ ಏನು ಮಾಡುತ್ತಾರೆ, ಮೂರು ವಿಭಾಗಗಳಲ್ಲಿ ಯಾವುದನ್ನು ಕೇಳಿಕೊಳ್ಳುವುದು ಒಳ್ಳೆಯದು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಕುಂಬಳೆಯಿಂದ, ಮೆಡಿಕಲ್ ರೆಕಾರ್ಡ್ಸ್ ವಿಭಾಗ)

ಸೇರಿಕೊಳ್ಳಿ ಎಂದೇ ನನ್ನ ಅಭಿಪ್ರಾಯ. ಆದರೆ ನೋಂದಣಿ ಕೌಂಟರ್ ಎಂದರೆ ಹೆಸರು ಕೇಳಿ ಒ.ಪಿ. (ಹೊರರೋಗಿ) ಚೀಟಿ ಹರಿದುಕೊಡುವ ಸುಲಭದ ಕೆಲಸವೆಂದು ಭಾವಿಸಬೇಡಿ. ನಮ್ಮ ಜಿಲ್ಲೆಯಲ್ಲಿ ಒಬ್ಬರೇ ವ್ಯಕ್ತಿ ಆಧಾರಿನಲ್ಲಿ ಒಂದು ಹೆಸರಿನಿಂದ, ರೇಷನ್ ಕಾರ್ಡಿನಲ್ಲಿ ತರವಾಡಿನ (ಕುಟುಂಬದ ಮೂಲಮನೆಯ) ಹೆಸರು ಸೇರಿಸಿಕೊಂಡು, ಹಳೆಯ ಚೀಟಿಯಲ್ಲಿ ಊರವರು ಕರೆಯುವ ಹೆಸರಿನಿಂದ ಇರುತ್ತಾರೆ. ಮೊಹಮ್ಮದ್ ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯುತ್ತಾರೆಂಬುದು ಕಂಪ್ಯೂಟರಿನಲ್ಲಿ ಹುಡುಕಲು ಕುಳಿತ ಮೊದಲ ದಿನವೇ ನಿಮಗೆ ತಿಳಿಯುತ್ತದೆ. ಫೋನ್ ನಂಬರ್ ಹಾಕಿ ಹುಡುಕೋಣವೆಂದರೆ, ಅದು ಕೊಲ್ಲಿಯಲ್ಲಿರುವ ಮಗನ ಹೆಂಡತಿಯದಾಗಿರುತ್ತದೆ. ಆ ಒಂದೇ ನಂಬರಿನಲ್ಲಿ ಮನೆಯ ಐದಾರು ಮಂದಿ ನೋಂದಣಿಯಾಗಿರುತ್ತಾರೆ. ಹಿಂದೆ ಸಾಲು ಬೆಳೆಯುತ್ತಿದೆಯೆಂದು ಹೊಸ ನಂಬರ್ ಸೃಷ್ಟಿಸಿಬಿಟ್ಟರೆ, ಆ ಅಜ್ಜಿಗೆ ಯಾವ ಮದ್ದು ಆಗುವುದಿಲ್ಲ, ಹಿಂದೆ ಯಾವ ಶಸ್ತ್ರಚಿಕಿತ್ಸೆಯಾಗಿದೆ ಎಂಬ ಮಾಹಿತಿಯೆಲ್ಲ ಹಳೆಯ ನಂಬರಿನಲ್ಲೇ ಉಳಿದು, ಒಳಗೆ ಕುಳಿತ ಡಾಕ್ಟರರ ಪರದೆಯ ಮೇಲೆ ಆಕೆ ಮೊದಲ ಸಲ ಆಸ್ಪತ್ರೆಗೆ ಬಂದವರಂತೆ ಕಾಣಿಸುತ್ತಾರೆ. ಆದ್ದರಿಂದ ವಯಸ್ಸು, ಊರು, ಹಿಂದೆ ತೋರಿಸಿದ ಡಾಕ್ಟರ್ ಇಷ್ಟನ್ನು ಕೇಳಿ ತಾಳೆ ನೋಡದೆ ಹೊಸ ನೋಂದಣಿ ಮಾಡಬಾರದು. ಹೀಗೆ ಕೇಳುವಾಗ ತುಳುವಿನಲ್ಲೋ ಕನ್ನಡದಲ್ಲೋ ಮಾತು ತೆಗೆದರೆ ವಯಸ್ಸಾದವರು ಸಂಕೋಚವಿಲ್ಲದೆ ಹೇಳುತ್ತಾರೆ. ನಿಮ್ಮ ಭಾಷೆಗಳು ಅಲ್ಲಿ ನಿಮಗೆ ಬಂಡವಾಳವೇ ಆಗುತ್ತವೆ.

ರೆಕಾರ್ಡ್ಸ್ ವಿಭಾಗದ ಕೆಲಸ ರೋಗಿ ಮನೆಗೆ ಹೋದ ಮೇಲೆ ಶುರುವಾಗುತ್ತದೆ. ವಾರ್ಡಿನಿಂದ ಬಂದ ಕೇಸ್ ಶೀಟಿನಲ್ಲಿ (ಚಿಕಿತ್ಸೆಯ ಕಡತದಲ್ಲಿ) ಒಪ್ಪಿಗೆ ಪತ್ರ, ಡಾಕ್ಟರರ ಸಹಿ, ಲ್ಯಾಬ್ ವರದಿಗಳು, ಡಿಸ್ಚಾರ್ಜ್ ಸಮ್ಮರಿ ಎಲ್ಲವೂ ಇವೆಯೇ ಎಂದು ನೋಡಿ, ರೋಗಕ್ಕೆ ಐ.ಸಿ.ಡಿ. ಕೋಡ್ (ರೋಗಗಳನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಕೇತ) ಹಾಕಿ, ಬೇಕೆಂದಾಗ ಸಿಗುವಂತೆ ಇಡಬೇಕು. ಸಹಿಯೊಂದು ಬಿಟ್ಟುಹೋಗಿದ್ದರೆ ಡಾಕ್ಟರರ ಹಿಂದೆ ಓಡಾಡುವುದೂ ನಮ್ಮದೇ ಕೆಲಸ. 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು, ರೋಗಿಯೋ ಅಧಿಕೃತ ವ್ಯಕ್ತಿಯೋ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. ಅಪಘಾತ, ವಿಷಸೇವನೆಯಂಥ ಎಂ.ಎಲ್.ಸಿ. (ಪೊಲೀಸ್, ಕೋರ್ಟಿಗೆ ಸಂಬಂಧಿಸಿದ ಪ್ರಕರಣಗಳ) ಫೈಲುಗಳನ್ನು ಬೇರೆಯೇ ಕಪಾಟಿನಲ್ಲಿ ಬೀಗ ಹಾಕಿಡುತ್ತೇವೆ.

ಈ ಕಾಗದಗಳ ಬೆಲೆ ನಿಮ್ಮ ಬದಿಯಡ್ಕ, ಎಣ್ಮಕಜೆಯ ಕಡೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು; ಇಂಥ ನೆರವಿಗೆ ಅರ್ಜಿ ಹಿಡಿದು ಅಲೆಯುವ ಮನೆಯವರಿಗೆ ಹಳೆಯ ಚಿಕಿತ್ಸೆಯ ಒಂದು ಹಾಳೆ ಸಿಕ್ಕರೂ ಅದೇ ಆಧಾರ.

ಜನನ ಮರಣ ನೋಂದಣಿಯ ಮಾಹಿತಿ ಕಳುಹಿಸುವುದೂ ನಮ್ಮ ಪಾಲಿಗೆ ಬರುತ್ತದೆ. 1969ರ ಕಾಯಿದೆಯ ಚೌಕಟ್ಟಿನಲ್ಲಿ ಅದಕ್ಕೆ 21 ದಿನಗಳ ಅವಧಿಯಿದೆ, ಆಸ್ಪತ್ರೆಯಲ್ಲಿ ಆದ ಜನನ ಮರಣವನ್ನು ತಿಳಿಸುವ ಹೊಣೆ ಆಸ್ಪತ್ರೆಯದೇ. ಗಡಿನಾಡಿನಲ್ಲಿ ಗೊಂದಲ ಹುಟ್ಟುವುದು ಬೇರೆ ಕಡೆ: ಮಗು ಹುಟ್ಟಿದ ಸ್ಥಳದಲ್ಲೇ ನೋಂದಣಿಯಾಗುವುದರಿಂದ, ಮಂಜೇಶ್ವರದ ದಂಪತಿಯ ಮಗು ಗಡಿಯಾಚೆಯ ದೇರಳಕಟ್ಟೆಯ ಆಸ್ಪತ್ರೆಯಲ್ಲಿ ಹುಟ್ಟಿದರೆ ಅದರ ಪ್ರಮಾಣಪತ್ರ ಕರ್ನಾಟಕದಿಂದಲೇ ಬರಬೇಕು. ಇದು ತಿಳಿಯದೆ ತಮ್ಮ ಪಂಚಾಯತಿಗೆ ಹತ್ತಿ ಇಳಿಯುವವರು ಈಗಲೂ ಇದ್ದಾರೆ.

ಉತ್ತರ 2 (ಮಂಜೇಶ್ವರದಿಂದ, ಇನ್ಶೂರೆನ್ಸ್ ಡೆಸ್ಕ್)

ಮೇಲಿನ ಅಣ್ಣನವರು ಹೇಳಿದ್ದೆಲ್ಲ ಸರಿಯೇ. ಆದರೂ ಮುಂದೆ ಏರುವ ಉದ್ದೇಶವಿದ್ದರೆ ನಮ್ಮ ಡೆಸ್ಕನ್ನೇ ಕೇಳಿಕೊಳ್ಳಿ ಎನ್ನುತ್ತೇನೆ, ಬಿ.ಕಾಂ. ಓದಿದ್ದು ಕೈಹಿಡಿಯುವುದು ಇಲ್ಲಿಯೇ. ಪಾಲಿಸಿಯ ಷರತ್ತು ಓದುವುದು, ಪ್ರೀ-ಆಥ್ (ಚಿಕಿತ್ಸೆಗೆ ವಿಮಾ ಕಂಪನಿಯ ಮುಂಗಡ ಒಪ್ಪಿಗೆಯ ಕೋರಿಕೆ) ಕಳುಹಿಸುವುದು, ಕಂಪನಿ ಕ್ವೆರಿ (ಪ್ರಶ್ನೆ) ಹಾಕಿದರೆ ಡಾಕ್ಟರರಿಂದ ಉತ್ತರ ಬರೆಸಿಕೊಂಡು ಬರುವುದು, ಸರಕಾರಿ ಯೋಜನೆಯಾದರೆ ಪ್ಯಾಕೇಜ್ (ಆ ಚಿಕಿತ್ಸೆಗೆ ನಿಗದಿಯಾದ ದರದ ವರ್ಗ) ಆರಿಸುವುದು ಇವೇ ನಿತ್ಯದ ಕೆಲಸಗಳು. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ರಕ್ಷಣೆಯಿದೆ. ಆದರೆ ಅದೇ ಕಾರ್ಡು ಹಿಡಿದು ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರಿಗೆ, ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಲು ಹೇಳಲೇಬೇಕು.

ಜಗಳಗಳೆಲ್ಲ ಡಿಸ್ಚಾರ್ಜ್ ದಿನದಂದೇ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಮನೆಗೆ ಹೋಗಬಹುದೆಂದು ಹೇಳಿರುತ್ತಾರೆ. ಬಾಡಿಗೆ ಕಾರು ಗೇಟಿನ ಬಳಿ ಬಂದು ನಿಂತಿರುತ್ತದೆ. ಉಳಿದ ಮದ್ದು ಫಾರ್ಮಸಿಗೆ ಹಿಂತಿರುಗಿ, ಸಮ್ಮರಿ ಟೈಪಾಗಿ, ಅಂತಿಮ ಬಿಲ್ಲು ನಮ್ಮ ಮೇಜಿಗೆ ಬರುವಾಗ ಮಧ್ಯಾಹ್ನದ ಊಟದ ಹೊತ್ತಾಗಿರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ ಕಂಪನಿಯು ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು 1 ಗಂಟೆಯೊಳಗೆ, ಡಿಸ್ಚಾರ್ಜಿನ ಅಂತಿಮ ಮಂಜೂರಾತಿಯನ್ನು 3 ಗಂಟೆಗಳೊಳಗೆ ತೀರ್ಮಾನಿಸಬೇಕು ನಿಜ, ಆದರೆ ಆ ಮೂರು ಗಂಟೆಯ ಲೆಕ್ಕ ಆಸ್ಪತ್ರೆ ಕೋರಿಕೆ ಕಳುಹಿಸಿದಲ್ಲಿಂದ ಆರಂಭವಾಗುತ್ತದೆಯೇ ಹೊರತು ಡಾಕ್ಟರರ ಮಾತಿನಿಂದಲ್ಲ. ಇದನ್ನು ಬೆಳಿಗ್ಗೆಯೇ ವಾರ್ಡಿಗೆ ಹೋಗಿ, ಅವರವರ ಭಾಷೆಯಲ್ಲಿ ತಿಳಿಸಿ ಬಂದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಉತ್ತರ 3 (ಕಾಞಂಗಾಡಿನಿಂದ)

ನಾನು ಈ ಕ್ಷೇತ್ರ ಬಿಟ್ಟು ಬಂದವನು, ಆದ್ದರಿಂದ ಇನ್ನೊಂದು ಬದಿಯನ್ನೂ ಹೇಳುತ್ತೇನೆ. ಸಣ್ಣ ಖಾಸಗಿ ಆಸ್ಪತ್ರೆಗಳಲ್ಲಿ ಸಂಬಳ ಕಡಿಮೆ, ಹಬ್ಬದ ದಿನವೂ ಡ್ಯೂಟಿ ತಪ್ಪುವುದಿಲ್ಲ. ನೇಮಕ ಪತ್ರ ಕೈಗೆ ಬಾರದೆ ಸೇರಬೇಡಿ. ತಿಂಗಳ ವೇತನ 21,000 ರೂಪಾಯಿಯ ಒಳಗಿದ್ದರೆ ಇ.ಎಸ್.ಐ. (ನೌಕರರ ವಿಮೆ) ಇದೆಯೇ, ಪಿ.ಎಫ್. (ಭವಿಷ್ಯನಿಧಿ) ಕಟ್ಟುತ್ತಾರೆಯೇ, ರಾತ್ರಿ ಪಾಳಿಯಿದ್ದರೆ ಬದಿಯಡ್ಕಕ್ಕೆ ಮರಳಲು ವಾಹನ ಕೊಡುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಕಡೆಯ ಬಸ್ಸು ತಪ್ಪಿದರೆ ಏನು ಗತಿ ಎಂಬುದನ್ನು ಸಂದರ್ಶನ ಮಾಡುವವರು ತಾವಾಗಿ ಹೇಳುವುದಿಲ್ಲ. ನಿಮ್ಮ ತಂದೆಯವರ ಮಾತನ್ನೂ ತಳ್ಳಿಹಾಕಬೇಡಿ: ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲ ಗುಮಾಸ್ತರ ಹುದ್ದೆಗಳಿಗೆ ನಮ್ಮ ಜಿಲ್ಲೆಯಲ್ಲಿ ಪಿ.ಎಸ್.ಸಿ. ಪ್ರತ್ಯೇಕವಾಗಿ ಅರ್ಜಿ ಕರೆಯುವುದುಂಟು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಲಯಾಳ ಓದುವುದು ನಿಧಾನವಾದರೆ ರೆಕಾರ್ಡ್ಸ್ ವಿಭಾಗದಲ್ಲಿ ತೊಡಕಾಗಬಹುದೇ?

ಉತ್ತರ 1ರವರು

ಆಗುವುದಿಲ್ಲ, ತಂಗಿ. ಕೇಸ್ ಶೀಟುಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಮಲಯಾಳದಲ್ಲಿ ಬರುವುದು ಪೊಲೀಸ್ ಠಾಣೆಯ ಪತ್ರ, ಪಂಚಾಯತಿನ ಪತ್ರ, ಒಪ್ಪಿಗೆ ಪತ್ರ ಇಷ್ಟೇ. ಅವುಗಳಲ್ಲಿ ಬರುವ ಮಾತುಗಳೂ ಹೆಚ್ಚುಕಡಿಮೆ ಅವೇ. ಮನೆಯ ರೇಷನ್ ಕಾರ್ಡು, ತೆರಿಗೆ ರಸೀದಿಗಳನ್ನು ಓದಿ ರೂಢಿ ಮಾಡಿಕೊಳ್ಳಿ, ಇಂಥ ಕಾಗದಗಳಿಗೆ ಅಷ್ಟು ಸಾಕು. ಪಿ.ಎಸ್.ಸಿ. ಅರ್ಜಿಯನ್ನು ಕೆಲಸದಲ್ಲಿದ್ದುಕೊಂಡೇ ಹಾಕಬಹುದು. ನೋಂದಣಿ ಕೌಂಟರಿನಲ್ಲಿ ಎಷ್ಟು ಕಾಲ ಕೂರಿಸುತ್ತಾರೆ, ಆಮೇಲೆ ಯಾವ ವಿಭಾಗ ಎಂಬುದನ್ನು ಮಾತ್ರ ನೇಮಕ ಪತ್ರದಲ್ಲೇ ಬರೆಸಿಕೊಳ್ಳಿ.