ಇ. ಕೋಲಿ ಕೋಶಗಳು ಒಡೆಯದೆ ದಾರದಂತೆ ಉದ್ದವಾಗುತ್ತಿವೆ: ಎಲ್ಲಿ ಹುಡುಕಲಿ?

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ)

ನಮಸ್ಕಾರ. ಪ್ರಾಯೋಗಿಕ ತರಗತಿಗೆಂದು ನಿರಪಾಯಕಾರಿ ಇ. ಕೋಲಿ ಬ್ಯಾಕ್ಟೀರಿಯಾ ತಳಿಯನ್ನು ಬೆಳೆಸುತ್ತಿದ್ದೇವೆ. ಸ್ಲೈಡ್‌ನಲ್ಲಿ ಎರಡು ಮೂರು ಮೈಕ್ರಾನ್ ಉದ್ದದ ಕಡ್ಡಿಗಳು ಇರಬೇಕಾದಲ್ಲಿ ಉದ್ದುದ್ದ ಎಳೆಗಳಿವೆ, ನಡುವೆ ಅಡ್ಡಗೋಡೆಯೇ ಇಲ್ಲ. ಮಾಧ್ಯಮ ಹೊಸದು, ಉಷ್ಣತೆ 37 ಡಿಗ್ರಿ, ಆ್ಯಂಟಿಬಯಾಟಿಕ್ ಹಾಕಿಲ್ಲ.

ಉತ್ತರ (ಮೈಸೂರು)

ಡಾಪಿ ಎಂಬ, ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ ಹಾಕಿ ನೋಡುವ ಸೌಲಭ್ಯವಿದ್ದರೆ ಮೊದಲು ಡಿಎನ್‌ಎ ಎಲ್ಲಿದೆ ನೋಡಿ. ಎಳೆಯುದ್ದಕ್ಕೂ ಸಮ ಅಂತರದಲ್ಲಿ ಗಂಟುಗಳಿದ್ದರೆ ನಕಲು ಸರಾಗವಾಗಿ ನಡೆದಿದೆ, ಗೋಡೆಯ ಕೆಲಸ ಮಾತ್ರ ನಿಂತಿದೆ. ಅಡ್ಡಗೋಡೆ ಕಟ್ಟುವುದನ್ನು ತಡೆಯುವ ಸೆಫಲೆಕ್ಸಿನ್ ಎಂಬ ಆ್ಯಂಟಿಬಯಾಟಿಕ್ ಹಾಕಿದಾಗ ಹೀಗೆ ಕಾಣುತ್ತದೆ. ನಡುವೆ ಒಂದೇ ಮುದ್ದೆ, ತುದಿಗಳು ಖಾಲಿ ಎಂದಾದರೆ ಪೆಟ್ಟು ಬಿದ್ದಿರುವುದು ಡಿಎನ್‌ಎಗೇ.

ನನ್ನ ಗುಮಾನಿ ಹುಡ್‌ನ (ಕೆಲಸ ಮಾಡುವ ಗೂಡಿನ) ಯುವಿ ದೀಪದ ಮೇಲೆ; ಯುವಿ ಬೆಳಕು ಡಿಎನ್‌ಎಯನ್ನು ಕೆಡಿಸುತ್ತದೆ. ದೀಪ ಉರಿಯುವಾಗ ಪ್ಲೇಟ್ ಮುಚ್ಚಳವಿಲ್ಲದೆ ಒಳಗಿತ್ತೇ ವಿಚಾರಿಸಿ. ಡಿಎನ್‌ಎ ಕೆಟ್ಟಾಗ ಕೋಶ ಸುಲ್‌ಎ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಅದು ಎಫ್‌ಟಿಎಸ್‌ಝಡ್ ಪ್ರೋಟೀನನ್ನು ಹಿಡಿದಿಡುತ್ತದೆ. ಎಫ್‌ಟಿಎಸ್‌ಝಡ್ ಕೋಶದ ನಡುವೆ ಉಂಗುರ ಕಟ್ಟದೆ ವಿಭಜನೆ ಶುರುವಾಗುವುದೇ ಇಲ್ಲ. ದುರಸ್ತಿ ಮುಗಿಯುವ ತನಕ ಒಡೆಯದೆ ಕಾಯುವ ಈ ಏರ್ಪಾಡು ಎಷ್ಟು ಸಲ ಓದಿದರೂ ಬೆರಗು ಹುಟ್ಟಿಸುತ್ತದೆ. ಆಮೇಲೆ ಲೋನ್ ಎಂಬ ಕಿಣ್ವ ಸುಲ್‌ಎಯನ್ನು ಕತ್ತರಿಸಿ ಹಾಕುತ್ತದೆ, ಉಂಗುರ ಮತ್ತೆ ಕಟ್ಟಿಕೊಳ್ಳುತ್ತದೆ.

ಹಾಗಾಗಿ ಪ್ಲೇಟ್ ಎಸೆಯಬೇಡಿ. ಸ್ವಲ್ಪವನ್ನು ತಾಜಾ ಮಾಧ್ಯಮಕ್ಕೆ ಹಾಕಿ. ಪಕ್ಕದಲ್ಲೇ ಮೂಲ ಸ್ಟಾಕ್‌ನಿಂದ, ಯುವಿ ಸೋಕದಂತೆ, ಇನ್ನೊಂದನ್ನು ಬೆಳೆಸಿ. ಎರಡನೆಯದರಲ್ಲೂ ಎಳೆಗಳೇ ಬಂದರೆ ತಳಿಯಲ್ಲೇ ದೋಷವಿರಬಹುದು.

ವಿದ್ಯಾರ್ಥಿನಿ

ಪ್ಲೇಟ್ ದೀಪದ ಕೆಳಗೇ ಇತ್ತಂತೆ ಸರ್. ಸ್ಟಾಕ್‌ನಿಂದ ಬೆಳೆಸಿದ್ದು ಚೆನ್ನಾಗಿದೆ, ಹಳೆಯ ಎಳೆಗಳೂ ತುಂಡಾಗುತ್ತಿವೆ. ಇನ್ನೊಂದು ಅನುಮಾನ: ಡಿಎನ್‌ಎ ನಕಲಿಗೆ 40 ನಿಮಿಷ ಬೇಕಂತೆ. ಹಾಗಿದ್ದರೆ 20 ನಿಮಿಷಕ್ಕೊಮ್ಮೆ ಒಡೆಯುವುದು ಹೇಗೆ?

ಉತ್ತರ (ಮೈಸೂರು)

ಒಳ್ಳೆಯ ಪ್ರಶ್ನೆ. ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಬೇಸ್ ಜೋಡಿಗಳಿವೆ. ಒಂದೇ ಜಾಗದಿಂದ ಎರಡು ದಿಕ್ಕಿಗೆ, ಪ್ರತಿ ದಿಕ್ಕಿನಲ್ಲೂ ಸೆಕೆಂಡಿಗೆ ಸುಮಾರು 1000 ಜೋಡಿಯಂತೆ ನಕಲು ಸಾಗಿದರೂ 40 ನಿಮಿಷ ಹಿಡಿಯುತ್ತದೆ. ಅದು ಮುಗಿದು ಕೋಶ ಒಡೆಯಲು ಇನ್ನೂ 20. ಕೂಪರ್ ಮತ್ತು ಹೆಲ್ಮ್‌ಸ್ಟೆಟರ್ ಎಂಬ ವಿಜ್ಞಾನಿಗಳು 1968ರಲ್ಲಿ ಈ ಒಗಟನ್ನು ಬಿಡಿಸಿದರು: ಹಿಂದಿನ ನಕಲು ಮುಗಿಯುವ ಮೊದಲೇ ಮುಂದಿನದು ಆರಂಭವಾಗುತ್ತದೆ. ಲೆಕ್ಕ ಹಾಕಿ ನೋಡಿ, ಈಗ ಒಡೆಯುತ್ತಿರುವ ಕೋಶದ ನಕಲು ಅದರ ಅಜ್ಜಿ ಹುಟ್ಟಿದಾಗಲೇ ಶುರುವಾಗಿರುತ್ತದೆ! ಕೋಶ ತಕ್ಕಷ್ಟು ಬೆಳೆದಾಗ ಡಿಎನ್‌ಎಎ (DnaA) ಎಂಬ ಪ್ರೋಟೀನ್ ನಕಲಿನ ಆರಂಭಸ್ಥಾನವನ್ನು ತೆರೆಯುತ್ತದೆ. ಕೂಡಲೇ ಮತ್ತೊಮ್ಮೆ ತೆರೆಯದಂತೆ ಸೆಕ್‌ಎ (SeqA) ಎಂಬ ಇನ್ನೊಂದು ಪ್ರೋಟೀನ್ ಅದನ್ನು ಕೆಲಹೊತ್ತು ಮುಚ್ಚಿಡುತ್ತದೆ.

ಬಿಡುವಿದ್ದರೆ ಇದೇ ತಳಿಯನ್ನು ಪೋಷಕಾಂಶ ಕಡಿಮೆಯಿರುವ ಮಾಧ್ಯಮದಲ್ಲೂ ಬೆಳೆಸಿ ಅಳೆಯಿರಿ. ಅಲ್ಲಿ ಬೆಳವಣಿಗೆ ನಿಧಾನ, ಒಂದರ ಮೇಲೊಂದು ನಕಲು ಹೂಡುವ ಅಗತ್ಯವಿಲ್ಲ. ಕೋಶಗಳು ಗಿಡ್ಡವಾಗಿ ಕಾಣಬೇಕು.